ಬೀಳುವವಳ ಹೊಟ್ಟೆಕಿಚ್ಚು

ನನಗೆ ಬೀಳಲು ಬರುವುದಿಲ್ಲ ಎಂದು ಮೊದಲು ಹೇಳಿದವರು ಶಿವಾಜಿನಗರದ ಒಬ್ಬರು ಹಾಸಿಗೆ ಅಂಗಡಿಯವರು. ಏಳು ವರ್ಷದ ಹಿಂದೆ, ಬಸ್ಸಿನಿಂದ ಇಳಿಯುವ ಆತುರದಲ್ಲಿ ಕಾಲು ತಪ್ಪಿ ಅವರ ಅಂಗಡಿಯ ಎದುರಿಗೇ ಧೊಪ್ಪೆಂದು ಬಿದ್ದಿದ್ದೆ. ಟಿಫಿನ್ ಡಬ್ಬಿ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ಎತ್ತಲು ಬಂದ ಬಿಳಿ ಗಡ್ಡದ ಮನುಷ್ಯ ಮೊದಲು ನನ್ನ ಮಣಿಕಟ್ಟು ಹಿಡಿದು ನೋಡಿದರು, ಆಮೇಲೆ ಮುಖ ನೋಡಿದರು.

"ಕೈ ಊರಿ ಬಿದ್ರಲ್ಲಾ ಮೇಡಂ, ಹಂಗೆ ಬಿದ್ರೆ ಮೂಳೆ ಹೋಗುತ್ತೆ. ಬೀಳೋಕೇ ಬರಲ್ಲ ನಿಮಗೆ. ಭಾನುವಾರ ಮಹಡಿ ಮೇಲೆ ಬನ್ನಿ, ಹೇಳ್ಕೊಡ್ತೀನಿ."

ನೋವಿಗಿಂತ ಸಿಟ್ಟು ಹೆಚ್ಚಾಯಿತು. ಬೀಳೋಕೆ ಬರಲ್ಲವಂತೆ! ಅದೇನು ಸಂಗೀತವೇ, ಬರೋಕೆ? ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು ನನ್ನದು. ಏನೋ ಒಂದು ಅಂದುಬಿಟ್ಟೆ. ಅವರು ನಕ್ಕು, ಬಿದ್ದಿದ್ದ ಡಬ್ಬಿ ಒರೆಸಿ ಕೈಗೆ ಕೊಟ್ಟರು. ಆ ಭಾನುವಾರ ಅವರ ಮಾತು ಸುಳ್ಳು ಮಾಡಬೇಕು ಅಂತಲೇ ಮೆಟ್ಟಿಲು ಹತ್ತಿ ಮೇಲೆ ಹೋದೆ.

ಮೇಲೆ ಇದ್ದದ್ದು ಜೂಡೊ ಹಾಲ್. ಕೆಳಗೆ ಅವರ ತಮ್ಮಂದಿರು ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದರು, ಮೇಲೆ ಇವರು ಅದೇ ಅಂಗಡಿಯ ನಾರು ತುಂಬಿಸಿ ಹೊಲಿದ ದಪ್ಪ ಚಾಪೆಗಳ ಮೇಲೆ ಜನರನ್ನು ಬೀಳಿಸುತ್ತಿದ್ದರು. ನಾವೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಅಲ್ಲಿಯ ಪದ್ಧತಿ ಒಂದೇ: ಯಾರೇ ಬರಲಿ, ಎಂಥ ಬೆಲ್ಟ್ ಇರಲಿ, ಮೊದಲು ಐವತ್ತು ಸಲ ಬೀಳಬೇಕು. ಹಿಂದಕ್ಕೆ, ಪಕ್ಕಕ್ಕೆ, ಉರುಳಿ ಮುಂದಕ್ಕೆ. ಅದಾದ ಮೇಲೇ ಎಸೆಯುವ ಮಾತು. ನನಗೆ ನೆಟ್ಟಗೆ ಬೀಳುವುದಕ್ಕೆ ಆರು ತಿಂಗಳು ಹಿಡಿಯಿತು. "ಮನೇಲೇ ಬೀಳಬಹುದಲ್ಲ, ಅಷ್ಟು ದೂರ ಹೋಗಬೇಕಾ?" ಅಂತ ನನ್ನ ಗಂಡ ರೇಗಿಸುತ್ತಿದ್ದರು. ಜೀವನ್ ಬಿಮಾ ನಗರದಿಂದ ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಹೋಗಿ ಬಿದ್ದು ಬರುತ್ತಿದ್ದೆ. ವಿಮಾ ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ಹೆಪ್ಪುಗಟ್ಟಿದ್ದ ಸೊಂಟ ಸಡಿಲವಾಯಿತು. ಮಾತಿನ ಜೋರು ಮಾತ್ರ ಸಡಿಲವಾಗಲಿಲ್ಲ ಅಂತ ಗಂಡ ಹೇಳುತ್ತಾರೆ.

ನಾಲ್ಕು ವರ್ಷಕ್ಕೆ ಕಂದು ಬೆಲ್ಟ್ ಬಂತು. ಮುಂದಿನದು ಕಪ್ಪು. ಆ ಹಾಲ್‌ನಿಂದ ಅಲ್ಲಿಯವರೆಗೆ ಯಾವ ಹೆಂಗಸಿಗೂ ಕಪ್ಪು ಬೆಲ್ಟ್ ಬಂದಿರಲಿಲ್ಲ. ಮೊದಲನೆಯವಳು ನಾನೇ ಅಂತ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ಎರಡು ಸಲ ಪರೀಕ್ಷೆಗೆ ಹೋದೆ, ಎರಡು ಸಲವೂ ಫೇಲಾದೆ. ಬೀಳುವುದರಲ್ಲಿ ತಪ್ಪಿಲ್ಲ, ಎಸೆತದಲ್ಲಿ ಬಲವಿಲ್ಲ ಅಂದರು. "ಇನ್ನೂ ಟೈಮ್ ಬೇಕು ಬೇಟಾ," ಅಂದರು ಉಸ್ತಾದ್. ಸರಿ, ಕಾಯೋಣ ಅಂದುಕೊಂಡೆ.

ಅಷ್ಟರಲ್ಲಿ ಬಂದಿದ್ದಳು ಅವಳು.

ಯಾದಗಿರಿ ಕಡೆಯ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬೇಕು. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಅಲ್ಲೇ ಹತ್ತಿರ ಮೂರು ಜನ ಸೇರಿ ಒಂದು ಬಾಡಿಗೆ ರೂಮು. ಊರಿನಲ್ಲಿ ಶಾಲೆಯ ಕಬಡ್ಡಿ ತಂಡದಲ್ಲಿದ್ದಳಂತೆ. ಮೊದಲ ದಿನ ಅವಳನ್ನು ನೋಡಿ ನಾನು ಮೂಗು ಮುರಿದೆ. ಚೂಡಿದಾರ್ ಮೇಲೇ ಬಂದಿದ್ದಳು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದಳು. "ಅಕ್ಕಾರ, ಇಲ್ಲಿ ಏನ್ ಕಲಿಸ್ತಾರ್ರಿ?" ಅಂತ ಕೇಳಿದಳು. "ಬೀಳೋದು," ಅಂದೆ. "ಹೌದಾ? ಅದು ಬರ್ತದ್ರಿ ನಂಗ," ಅಂದಳು.

ಬರುತ್ತಿತ್ತು! ಒಂದೇ ವಾರ. ನಾನು ಆರು ತಿಂಗಳು ತಿಣುಕಿದ್ದನ್ನು ಆ ಪುಣ್ಯಾತ್ಗಿತ್ತಿ ಒಂದೇ ವಾರದಲ್ಲಿ ಮಾಡಿ ತೋರಿಸಿದಳು. ಉಸ್ತಾದ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಅವರು ಹೊಗಳುವ ಪೈಕಿ ಅಲ್ಲ. ನನಗೆ ಅಷ್ಟು ವರ್ಷಗಳಲ್ಲಿ "ಪರವಾಗಿಲ್ಲ" ಅಂದದ್ದೇ ದೊಡ್ಡದು. ಅವಳಿಗೆ, "ಕ್ಯಾ ಬಾತ್ ಹೈ!" ಅಂದುಬಿಟ್ಟರು. ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಯಿತು.

ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳುವುದು ಕಷ್ಟ. ನಾನು ಬೇರೆ ಬೇರೆ ಹೆಸರು ಕೊಟ್ಟುಕೊಂಡೆ. ಅವಳಿಗೆ ಶಿಸ್ತಿಲ್ಲ ಅಂದುಕೊಂಡೆ. ದೊಡ್ಡವರ ಮುಂದೆ ಜೋರಾಗಿ ನಗುತ್ತಾಳೆ ಅಂದುಕೊಂಡೆ. ನಿಜ ಏನೆಂದರೆ, ಅವಳ ಭುಜದ ಮೇಲೆ ನನಗೆ ಅಸೂಯೆ, ಅವಳ ವಯಸ್ಸಿನ ಮೇಲೆ ಅಸೂಯೆ, ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದೂ ದಣಿಯದ ಆ ಕಾಲುಗಳ ಮೇಲೆ ಅಸೂಯೆ. ಉಸ್ತಾದರ ಹೆಂಡತಿ ಅವಳಿಗೆ ಅಂತಲೇ ಭಾನುವಾರ ಖಿಚಡಿ, ಹುಣಸೆಹುಳಿಯ ಖಟ್ಟಾ ಕಳಿಸುತ್ತಿದ್ದರು. "ರೂಮಲ್ಲಿ ಅಡಿಗೆ ಮಾಡ್ಕೊಳ್ಳೋಕೆ ಟೈಮ್ ಸಿಗಲ್ಲ ಪಾಪ," ಅನ್ನುತ್ತಿದ್ದರು ಉಸ್ತಾದ್. ನನಗೇನು ಮನೆಯಲ್ಲಿ ಅನ್ನ ಇರಲಿಲ್ಲವೇ? ಇತ್ತು. ಆದರೂ ಆ ಡಬ್ಬಿ ಬಿಚ್ಚಿದಾಗ ಬರುವ ಘಮಕ್ಕೆ ಉರಿದುಹೋಗುತ್ತಿದ್ದೆ. ಅವಳು ಡಬ್ಬಿ ಮುಂದೆ ಹಿಡಿದು "ತಗೋರಿ ಅಕ್ಕಾರ" ಅಂದರೆ, "ನನಗೆ ಹುಳಿ ಆಗಲ್ಲ" ಅಂತ ಸುಳ್ಳು ಹೇಳುತ್ತಿದ್ದೆ.

ತಮಾಷೆ ಏನೆಂದರೆ, ಇಡೀ ಹಾಲ್‌ನಲ್ಲಿ ಅವಳಿಗೆ ಜೋಡಿ ನಾನೇ. ಜೂಡೊದಲ್ಲಿ ಒಬ್ಬರೇ ಕಲಿಯಲು ಆಗುವುದಿಲ್ಲ, ಹೆಚ್ಚುಕಡಿಮೆ ನಿಮ್ಮದೇ ತೂಕದ ಒಬ್ಬರು ಎದುರಿಗೆ ಬೇಕು. ಬರುತ್ತಿದ್ದ ಹೆಂಗಸರೇ ಐದಾರು ಜನ. ಅದರಲ್ಲಿ ನಾನೂ ಅವಳೂ ತೂಕದಲ್ಲಿ ಸಮ. ಹಾಗಾಗಿ ಮೂರು ವರ್ಷ, ವಾರಕ್ಕೆ ಮೂರು ದಿನ, ಅವಳು ನನ್ನ ಕಾಲರ್ ಹಿಡಿದಳು, ನಾನು ಅವಳ ಕಾಲರ್ ಹಿಡಿದೆ. ಅವಳು ಎಸೆದದ್ದೇ ಹೆಚ್ಚು. ವಾಪಸ್ಸು ಬರುವಾಗ ಬಸ್ಸೂ ಒಂದೇ. ಹಲಸೂರು ದಾಟುವವರೆಗೆ ಊರಿನ ಸುದ್ದಿ ಹೇಳುತ್ತಿದ್ದಳು, ನಾನು ಕಿಟಕಿ ಕಡೆ ನೋಡುತ್ತಾ "ಹೂಂ" ಅನ್ನುತ್ತಿದ್ದೆ.

ಅವಳಿಗೆ ಕಂದು ಬೆಲ್ಟ್ ಬಂದು ಆರು ತಿಂಗಳಾಗಿತ್ತು. ಒಂದು ಬುಧವಾರ ಸಂಜೆ ಬಸ್ಸಿನಲ್ಲಿ ಅವಳು ಸೀಟಿನ ತುದಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದಳು. ಕೆ.ಆರ್. ಪುರದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು ಟೀಚರ್ ಬೇಕಂತೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕಪ್ಪು ಬೆಲ್ಟಿನ ಸರ್ಟಿಫಿಕೇಟ್ ತಂದುಕೊಟ್ಟರೆ ಕೆಲಸ ಅವಳದೇ ಅಂದಿದ್ದಾರಂತೆ.

"ಪ್ಯಾಕಿಂಗ್ ಬಿಟ್ಬಿಡ್ತೀನ್ರಿ ಅಕ್ಕಾರ. ಟೇಪ್ ಹಚ್ಚಿ ಹಚ್ಚಿ ಕೈಬಟ್ಟು ಸೀಳ್ಯಾವ. ಎಲ್ಲಾರೂ ನಂಗ ಮಿಸ್ ಅಂತಾರ, ನೋಡ್ರಿ!"

"ಪರೀಕ್ಷೆ ಅಷ್ಟು ಸುಲಭ ಅಲ್ಲ," ಅಂದೆ ನಾನು.

ಮರುವಾರ ಉಸ್ತಾದ್ ಪರೀಕ್ಷೆಗೆ ಹೆಸರು ಕಳಿಸಿದರು. ಒಂದೇ ಹೆಸರು, ಅವಳದು. ನನ್ನದಿಲ್ಲ. ಪಟ್ಟಿಯನ್ನು ಎರಡು ಸಲ ಓದಿದೆ. "ನನ್ನ ಹೆಸರು ಉಸ್ತಾದ್?" ಅಂತ ಕೇಳಿಯೂಬಿಟ್ಟೆ, ಮಾನ ಮರ್ಯಾದೆ ಬಿಟ್ಟು.

"ನಿನ್ನದು ಆಮೇಲೆ ನೋಡೋಣ. ಈ ಸಲ ಅವಳ ಜೊತೆ ನೀನು ಹೋಗ್ಬೇಕು. ಅವಳು ಎಸೀತಾಳೆ, ನೀನು ಬೀಳು. ನಿನ್ನಷ್ಟು ಚೆನ್ನಾಗಿ ಬೀಳೋರು ಯಾರಿದ್ದಾರೆ ಹೇಳು?"

ಇದನ್ನು ಹೊಗಳಿಕೆ ಅಂತ ತಿಳಿಯಬೇಕಂತೆ! ನನ್ನ ಪಾಲಿಗೆ ಬಂದದ್ದು ಇಷ್ಟು: ಅವಳು ಗೆಲ್ಲಬೇಕು, ಅದಕ್ಕೆ ನಾನು ನೆಲಕ್ಕೆ ಬೀಳಬೇಕು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ. ಗಂಡ ಅಡಿಗೆಮನೆಯ ಕಡೆ ತಲೆಯನ್ನೇ ಹಾಕಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಪರೀಕ್ಷೆಯಲ್ಲಿ ಎಸೆಯುವವಳಿಗಷ್ಟೇ ಅಂಕ, ಆದರೆ ಕೆಲಸ ಇಬ್ಬರದು. ಎಸೆಯುವವಳು ಮೊದಲು ಕಾಲರ್ ಮತ್ತು ತೋಳು ಹಿಡಿದು ಎಳೆದು ಎದುರಿನವಳ ಆಯ ತಪ್ಪಿಸಬೇಕು, ಆಮೇಲೆ ಒಳಗೆ ನುಗ್ಗಿ ಎತ್ತಬೇಕು. ಬೀಳುವವಳು ಕಂಬದಂತೆ ಬಿಗಿದು ನಿಲ್ಲಬಾರದು. ತಾನಾಗಿ ಹಾರಲೂಬಾರದು. ಆಯ ತಪ್ಪಿದಾಗ ಹೋಗಬೇಕು, ಅದಕ್ಕಿಂತ ಮೊದಲು ಅಲ್ಲ. ಬಿಗಿದು ನಿಂತರೆ ಎಲ್ಲರಿಗೂ ಕಾಣುತ್ತದೆ, ಬೇಕಂತ ಕೆಡಿಸುತ್ತಿದ್ದಾಳೆ ಅಂತ ಬೈಯುತ್ತಾರೆ. ಮೊದಲೇ ಹಾರಿಬಿಟ್ಟರೆ? ಪಾಪ, ಸಹಾಯ ಮಾಡಲು ಹೋಗಿದ್ದಾಳೆ ಅನ್ನಿಸುತ್ತದೆ. ಎಸೆಯುವವಳ ಕೈಯಲ್ಲಿ ಬಲವಿದೆಯೋ ಇಲ್ಲವೋ ಪರೀಕ್ಷಕರಿಗೆ ತಿಳಿಯುವುದೇ ಇಲ್ಲ, ಎಸೆತ ಟೊಳ್ಳಾಗಿ ಕಾಣುತ್ತದೆ.

ಪರೀಕ್ಷೆ ಇಂದಿರಾನಗರದ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಹಾಗೆ ಮೊದಲೇ ಹಾರಿಬಿಡಬೇಕು ಅಂತ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿದ್ದೆನೇ? ಇಲ್ಲ ಅನ್ನಲು ಆಸೆ. ನಮ್ಮ ಸರದಿ ಬರುವ ಮುಂಚೆ ಉಸ್ತಾದ್ ಒಂದು ಹಳೆಯ ಚೀಲದಿಂದ ಮಡಿಚಿದ ಬಿಳಿ ಜಾಕೆಟ್ ತೆಗೆದರು. ಅವರು ಯೌವನದಲ್ಲಿ ಸ್ಪರ್ಧೆಗೆ ತೊಡುತ್ತಿದ್ದ ಜಾಕೆಟ್. "ಇದು ಹಾಕ್ಕೋ," ಅಂತ ಅವಳಿಗೆ ಕೊಟ್ಟು, ಕಾಲರ್ ತಾವೇ ಸರಿಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಎರಡು ಪರೀಕ್ಷೆಗಳಲ್ಲಿ ಆ ಚೀಲ ಮನೆಯಿಂದ ಆಚೆಗೇ ಬಂದಿರಲಿಲ್ಲ.

ಮೊದಲ ಎಸೆತಕ್ಕೆ ಅವಳು ಎಳೆಯುವ ಮುಂಚೆಯೇ ಹಾರಿದೆ. ಎಷ್ಟು ಚೆನ್ನಾಗಿ ಹಾರಿದೆನೆಂದರೆ, ಗೋಡೆಯ ಪಕ್ಕ ಕೂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೂ ಹಾರಿದೆ. ಮೂರನೆಯದಕ್ಕೆ ಅವಳು ಒಂದು ಚಣ ತಡೆದು ನನ್ನ ಮುಖ ನೋಡಿದಳು, ಕಾಲರ್ ಮೇಲಿನ ಹಿಡಿತ ಬಿಗಿಮಾಡಿದಳು. ಆಗಲೂ ಹಾರಿದೆ. ಕೊನೆಯವರೆಗೂ ಹಾಗೇ. ಮೇಜಿನ ಹಿಂದೆ ಕೂತಿದ್ದ ಮೂವರು ಪರೀಕ್ಷಕರು ತಲೆ ಹತ್ತಿರ ತಂದು ಮಾತಾಡಿಕೊಂಡರು. ಅವರಲ್ಲಿ ಹಿರಿಯರು ಹೇಳಿದರು: "ಥ್ರೋ ಕಾಣಿಸ್ತಾನೇ ಇಲ್ಲಮ್ಮ. ಪಾರ್ಟ್ನರೇ ಹಾರ್ತಿದ್ದಾರೆ. ಆರು ತಿಂಗಳು ಬಿಟ್ಟು ಬನ್ನಿ."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಮೈತುಂಬ ಖುಷಿಯಾಯಿತು.

ಮೆಟ್ರೊ ನಿಲ್ದಾಣದವರೆಗೆ ಜೊತೆಗೇ ನಡೆದೆವು. ಅವಳು ಜಾಕೆಟ್ಟನ್ನು ಮಡಿಚಿ ಎದೆಗೆ ಅವಚಿಕೊಂಡಿದ್ದಳು. ಅತ್ತಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತು, "ನಂಗ ಪಾಸ್ ಮಾಡ್ಸಬೇಕಂತ ಎಷ್ಟ್ ಹಾರಿದ್ರಿ ಅಕ್ಕಾರ. ನಿಮ್ಮ ಉಪಕಾರ ಮರಿಯಂಗಿಲ್ರಿ," ಅಂದಳು. ನಾನು "ಪರವಾಗಿಲ್ಲ ಬಿಡು" ಅಂದೆ. ಆ ಮಾತು ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕೆ.ಆರ್. ಪುರದ ಕಡೆಯ ಗಾಡಿ ಹತ್ತಿ ಹೋದಳು.

ಜೂನ್‌ನಲ್ಲಿ ಶಾಲೆಯವರು ಬೇರೊಬ್ಬರನ್ನು ತೆಗೆದುಕೊಂಡರು. ಅವಳು ಮತ್ತೆ ಟೇಪ್ ಹಚ್ಚಲು ಹೋದಳು. ಬುಧವಾರ, ಶನಿವಾರ, ಭಾನುವಾರ ಎಂದಿನಂತೆ ಬಂದಳು, ಎಂದಿನಂತೆ ಐವತ್ತು ಸಲ ಬಿದ್ದಳು, "ಬರ್ರಿ ಅಕ್ಕಾರ" ಅಂತ ನನ್ನ ಎದುರಿಗೆ ನಿಂತಳು. ಒಂದು ಮಾತು ಬೈದಿದ್ದರೆ ತಿರುಗಿ ಹತ್ತು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ನನಗೆ ಅದರ ಮೇಲೂ ಸಿಟ್ಟು ಬಂತು. ಅವಳ ಬೆರಳ ತುದಿಗೆ ಸುತ್ತಿದ ಪ್ಲಾಸ್ಟರ್ ನನ್ನ ಕಾಲರ್‌ಗೆ ತಾಗಿದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಮುಂದಿನ ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ ಉಸ್ತಾದ್ ಎಲ್ಲರ ಎದುರಿಗೆ ಹೇಳಿದರು, ಈ ಸಲ ಅವಳ ಜೊತೆ ಬೀಳಲು ಲಿಂಗರಾಜಪುರದಿಂದ ಬರುವ ಕಾಲೇಜು ಹುಡುಗಿ ಹೋಗಲಿ ಅಂತ. ಆ ಹುಡುಗಿ ಸೇರಿ ವರ್ಷವೂ ತುಂಬಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು, "ತಪ್ಪು ನಂದೇ ಬೇಟಾ. ನಿನಗೂ ವಯಸ್ಸಾಯ್ತು. ಹೆದರಿಕೊಂಡು ಮೊದಲೇ ಹಾರಿಬಿಟ್ಟೆ. ಆಗುತ್ತೆ, ಹೋಗ್ಲಿ ಬಿಡು."

ಹೆದರಿಕೊಂಡೆನೇ? ನಾನು? ವಯಸ್ಸಾಯಿತೇ? ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಏಳು ವರ್ಷದಲ್ಲಿ ನನಗೆ ನೆಟ್ಟಗೆ ಬಂದ ವಿದ್ಯೆ ಅಂದರೆ ಅದೊಂದೇ, ಬೀಳುವುದು. ಅದಕ್ಕೂ ಹೆಸರು ಕೆಟ್ಟಿತು. ಈಗ ಆ ಕಾಲೇಜು ಹುಡುಗಿಯ ಮೇಲೆ ಹೊಟ್ಟೆ ಉರಿಯತೊಡಗಿತು, ನೋಡಿ ನನ್ನ ಹಣೆಬರಹ! ಯಾರು ಗೆಲ್ಲಬಾರದು ಅಂತ ಕೆಡಿಸಿದೆನೋ ಅವಳ ಎದುರು ಬೀಳುವ ಜಾಗ ಬೇರೆಯವರಿಗೆ ಹೋಯಿತಲ್ಲ ಅಂತ ಸಂಕಟ. ಆ ಜಾಗ ಬೇಕೆಂದರೆ ನಾನು ಬೇಕಂತಲೇ ಹಾರಿದೆ ಅಂತ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಮುದಿ ಅಂಜುಬುರುಕಿ ಅನ್ನಿಸಿಕೊಂಡು ತೆಪ್ಪಗಿರಬೇಕು. ಮೂರು ದಿನ ಯೋಚಿಸಿದೆ. ಒಳ್ಳೆಯತನ ಉಕ್ಕಿ ಬಂದು ಹೇಳಿದೆ ಅಂತ ಯಾರೂ ತಿಳಿಯಬೇಡಿ. ಅಂಜುಬುರುಕಿ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಅನ್ನಿಸಿಕೊಳ್ಳುವುದೇ ಮೇಲು ಅನ್ನಿಸಿತು, ಅಷ್ಟೇ.

ಭಾನುವಾರ ಬೆಳಿಗ್ಗೆ ಬೇಗ ಹೋದೆ. ಅವಳೊಬ್ಬಳೇ ಚಾಪೆಗಳನ್ನು ಎಳೆದು ಜೋಡಿಸುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ.

"ನೋಡು, ಅವತ್ತು ನಾನು ಹೆದರಿ ಹಾರ್ಲಿಲ್ಲ. ನಿನಗೆ ಸಹಾಯ ಮಾಡೋಕೂ ಹಾರ್ಲಿಲ್ಲ. ನೀನು ಫೇಲಾಗ್ಲಿ ಅಂತ ಬೇಕಂತಲೇ ಹಾರ್ದೆ."

ಅವಳು ಬಗ್ಗಿದ್ದವಳು ನೆಟ್ಟಗಾದಳು. "ಗೊತ್ತದ್ರಿ," ಅಂದಳು.

"ಏನ್ ಗೊತ್ತು?"

"ಕಾಲರ್ ನನ್ನ ಕೈಯಾಗ ಇತ್ತಲ್ರಿ ಅಕ್ಕಾರ. ಮೂರು ವರ್ಷ ಹಿಡದ ಕಾಲರ್. ನೀವು ಯಾವಾಗ ಹೋಗ್ತೀರಿ, ಯಾವಾಗ ಹೋಗಂಗಿಲ್ಲ ಅಂತ ನನ್ನ ಕೈಗೆ ಗೊತ್ತಾಗಂಗಿಲ್ಲೇನ್ರಿ? ಎರಡನೇದಕ್ಕಽ ಗೊತ್ತಾತು."

"ಮತ್ತೆ ಉಪಕಾರ ಅಂತೆಲ್ಲ ಯಾಕಂದೆ?"

"ಏನನ್ಬೇಕಿತ್ರಿ? ಬೈದ್ರ ನೀವು ಬರೋದು ಬಿಡ್ತಿದ್ರಿ. ಆಮ್ಯಾಲ ನಾ ಯಾರನ್ನ ಒಗೀಲಿ? ನಿಮ್ಮಂಗ ಬೀಳೋರು ಇಲ್ಲಿ ಯಾರದಾರ?"

ಉಸ್ತಾದ್ ಅಂದ ಮಾತೇ. ಆದರೆ ಇವಳ ಬಾಯಲ್ಲಿ ಅದು ಹೊಗಳಿಕೆ ಆಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಅಷ್ಟು ತಿಂಗಳು ಅವಳು ನನ್ನನ್ನು ಸಹಿಸಿಕೊಂಡಿದ್ದಳು, ಕೆಲಸಕ್ಕೆ ಬೇಕು ಅಂತ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಸಾರಿ ಅನ್ನೋಣ ಅಂತ ಬಾಯಿ ತೆರೆದೆ.

"ಸಾರಿ ಗೀರಿ ಬ್ಯಾಡ್ರಿ," ಅಂದಳು. "ನಂಗ ಸಿಟ್ಟಿಲ್ಲಂತ ತಿಳಕೋಬ್ಯಾಡ್ರಿ. ಭಾಳ ಅದ. ಆ ಸಾಲಿ ಹುಡುಗ್ಯಾರು ನಂಗ ಮಿಸ್ ಅಂತಿದ್ರು. ಬರ್ರಿ, ನಿಂದರ್ರಿ ಇಲ್ಲಿ. ಇವತ್ತ ಹಾರಬ್ಯಾಡ್ರಿ."

ಜಾಕೆಟ್ ತೊಟ್ಟು ಅವಳೆದುರು ನಿಂತೆ. ಹಿಡಿದಳು, ಎಳೆದಳು, ಎಸೆದಳು. ಆ ಮೂರು ವರ್ಷದಲ್ಲಿ ಅವಳು ನನ್ನನ್ನು ಎಂದೂ ಹಾಗೆ ಎಸೆದಿರಲಿಲ್ಲ. ಛಾವಣಿಯ ತಗಡು ಕಂಡಿತು, ಚಾಪೆ ಬೆನ್ನಿಗೆ ಬಡಿಯಿತು, ಕಿಟಕಿಯ ಗಾಜು ಅದುರಿತು. ಎದ್ದೆ. ಮತ್ತೆ ಎಸೆದಳು. ಹಾರುವ ಮನಸ್ಸೇ ಬರಲಿಲ್ಲ, ಸಮಯವನ್ನೂ ಅವಳು ಕೊಡಲಿಲ್ಲ. ಎಂಟನೆಯದೋ ಒಂಬತ್ತನೆಯದೋ ಆದ ಮೇಲೆ ಚಾಪೆಯ ಮೇಲೇ ಬಿದ್ದುಕೊಂಡು ಏದುಸಿರು ಬಿಡುತ್ತಾ, "ಸಾಕಾಯ್ತಾ?" ಅಂತ ಕೇಳಿದೆ.

"ಇನ್ನಾ ಇಲ್ರಿ," ಅಂದಳು. ಅವಳ ಕಣ್ಣಿಂದ ಬಳಬಳ ನೀರು ಇಳಿಯುತ್ತಿತ್ತು. ನಾನು ಮತ್ತೆ ಎದ್ದು ನಿಂತೆ.

ಉಸ್ತಾದ್‌ಗೂ ಅವತ್ತೇ ಹೇಳಿದೆ. ಅವರು ಗಡ್ಡ ನೀವಿಕೊಂಡರು. "ಇದನ್ನ ನಾನು ಹೇಳ್ಕೊಟ್ಟಿರ್ಲಿಲ್ಲವಲ್ಲ," ಅಂದರು. ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಯಾರು ಬೀಳಬೇಕು ಅಂತ ಅವಳನ್ನೇ ಕೇಳಿದರು. ಅವಳು ನನ್ನ ಕಡೆ ಕೈ ತೋರಿಸಿದಳು.

ಅವಳ ಎರಡನೇ ಪರೀಕ್ಷೆಯಲ್ಲಿ ನಾನು ಹೇಗೆ ನಿಲ್ಲಬೇಕೋ ಹಾಗೆ ನಿಂತೆ. ಅವಳು ಆಯ ತಪ್ಪಿಸಿದಾಗ ಹೋದೆ, ತಪ್ಪಿಸುವವರೆಗೂ ಹೋಗಲಿಲ್ಲ. ಪಾಸಾದಳು. ಉಸ್ತಾದ್ ಅವಳ ಸೊಂಟಕ್ಕೆ ಕಪ್ಪು ಬೆಲ್ಟ್ ಕಟ್ಟುವಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಹೊಟ್ಟೆಕಿಚ್ಚು ಹೋಗಿತ್ತೇ? ಎಲ್ಲಿ ಹೋಗುತ್ತದೆ! ಆ ಹಾಲ್‌ನ ಮೊದಲನೆಯವಳು ಅವಳಾದಳು, ಇನ್ನು ನಾನು ಏನು ಮಾಡಿದರೂ ಎರಡನೆಯವಳೇ. ಕೆ.ಆರ್. ಪುರದ ಕೆಲಸ ಅವಳಿಗೆ ವಾಪಸ್ಸು ಬರಲಿಲ್ಲ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದಾಳೆ. ಅಲ್ಲಿಯವರೆಗೆ ದೊಡ್ಡನೆಕ್ಕುಂದಿಯಲ್ಲೇ, ಅದೇ ಟೇಪು, ಅದೇ ಪೆಟ್ಟಿಗೆ. ಅದನ್ನು ನಾನು ಯಾವ ಚಾಪೆಯ ಮೇಲೆ ಬಿದ್ದೂ ಸರಿಮಾಡಲಾರೆ.

ಈ ಸಲ ಉಸ್ತಾದ್ ನನ್ನ ಹೆಸರು ಕಳಿಸಿದ್ದಾರೆ. ಕಳಿಸಿದ ದಿನವೇ ಬಸ್ಸಿನಲ್ಲಿ ಅವಳು ತಾನಾಗಿಯೇ ಅಂದಳು, "ನಿಮ್ಮ ಟೆಸ್ಟಿಗೆ ನಾನಽ ಬೀಳ್ತೀನ್ರಿ ಅಕ್ಕಾರ."

"ಹೇಗೆ ಬೀಳ್ತೀಯಾ?" ಅಂದೆ.

"ಅವತ್ತಽ ನೋಡ್ರಿ," ಅಂದು ಅವಳು ಕಿಟಕಿ ಕಡೆ ತಿರುಗಿದಳು. ನಗುತ್ತಿದ್ದಾಳೋ ಇಲ್ಲವೋ ನನಗೆ ಕಾಣಲಿಲ್ಲ.

ಪರೀಕ್ಷೆಗೆ ಇನ್ನು ಮೂರು ವಾರವಿದೆ. ಬೇಕಾದರೆ ಆ ಕಾಲೇಜು ಹುಡುಗಿಯನ್ನು ಕರೆದುಕೊಂಡು ಹೋಗು ಅಂತ ಉಸ್ತಾದ್ ಎರಡು ಸಲ ಹೇಳಿದ್ದಾರೆ. ನಾನು ಇನ್ನೂ ಆ ಹುಡುಗಿಯನ್ನು ಕೇಳಿಲ್ಲ, ಕೇಳುವುದೂ ಇಲ್ಲ; ಅವತ್ತು ನನ್ನ ಕೈಯಲ್ಲಿ ಇರುವುದು ಇವಳ ಕಾಲರೇ.